ಹೊಟ್ಟೆಗೆ ಹಾಕಿಕೊಂಡ ದುಃಖ

‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಕ್ಷಮೆ ಕೇಳುವುದು ಕನ್ನಡದ ರೂಢಿ. ಇನ್ನೊಬ್ಬರ ತಪ್ಪು, ಅದರಿಂದಾದ ನೋವು, ಬಾಯಿಬಿಟ್ಟು ಆಡಲಾಗದ ಮಾತು ಇವೆಲ್ಲ ಹೋಗಿ ಸೇರಬೇಕಾದ ಸ್ಥಳ ಹೊಟ್ಟೆಯೆಂದು ನಮ್ಮ ಭಾಷೆ ಎಂದೋ ತೀರ್ಮಾನಿಸಿಬಿಟ್ಟಿದೆ. ಮತ್ಸರಕ್ಕೆ ಹೊಟ್ಟೆಯುರಿ, ಮರುಕಕ್ಕೆ ಕರುಳು. ಮನೆಯೊಳಗೆ ಹೀಗೆ ಹೊಟ್ಟೆಗೆ ಹಾಕಿಕೊಳ್ಳುವ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೇ ಬಂದಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಾಗೆ ಒಳಗೆ ಹಾಕಿಕೊಂಡದ್ದು ಅಲ್ಲಿ ಏನಾಗುತ್ತದೆ ಎಂಬುದನ್ನು ವೈದ್ಯಶಾಸ್ತ್ರವು ಹೇಗೆ ಅರಿತುಕೊಂಡಿತು, ಹೆಂಗಸಿನ ವಿಷಯದಲ್ಲಿ ಅದನ್ನು ಅರಿಯಲು ಏಕೆ ಅಷ್ಟು ತಡವಾಯಿತು ಎಂಬುದು ಈ ಲೇಖನದ ವಿಷಯ. ಲೇಖಕನು ವೈದ್ಯನಲ್ಲ, ವಾಣಿಜ್ಯಶಾಸ್ತ್ರವನ್ನು ಓದಿ ಅಂಗಡಿಯ ಗಲ್ಲೆಯ ಮುಂದೆ ಆಯುಷ್ಯ ಕಳೆದವನು. ಆದುದರಿಂದ ಔಷಧದ ಮಾತಿಗಿಂತ ಲೆಕ್ಕದ ಮಾತು ಇಲ್ಲಿ ಹೆಚ್ಚಾಗಿ ಬಂದರೆ ಓದುಗರು ಮನ್ನಿಸಬೇಕು.

ಮನಸ್ಸಿಗೂ ಜಠರಾಗ್ನಿಗೂ ಇರುವ ಸಂಬಂಧ ನಮ್ಮ ದೇಶಕ್ಕೆ ಹೊಸದಲ್ಲ. ಹಿತವಾದ ಆಹಾರವನ್ನು ತಕ್ಕ ಪ್ರಮಾಣದಲ್ಲಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ನಿದ್ರಾಭಂಗಗಳಿದ್ದರೆ ಅದು ಜೀರ್ಣವಾಗದೆಂದು ಚರಕಸಂಹಿತೆಯ ವಿಮಾನಸ್ಥಾನವು ಸ್ಪಷ್ಟವಾಗಿ ಹೇಳುತ್ತದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಎಣಿಸಿರುವ ಆರು ಬಗೆಯ ಅತಿಸಾರಗಳಲ್ಲಿ ಎರಡು ಭಯದಿಂದಲೂ ಶೋಕದಿಂದಲೂ ಹುಟ್ಟತಕ್ಕವು. ಉಳಿದ ನಾಲ್ಕಕ್ಕೆ ವಾತ, ಪಿತ್ತ, ಕಫ ಮತ್ತು ಅವುಗಳ ಸನ್ನಿಪಾತ ಕಾರಣಗಳಾದರೆ, ಇವೆರಡಕ್ಕೆ ಮನಸ್ಸೇ ಮೂಲ. ದುಃಖವನ್ನು ರೋಗದ ಒಂದು ಪ್ರತ್ಯೇಕ ಬಾಬತ್ತಾಗಿ ಬರೆದಿಟ್ಟ ಈ ದೃಷ್ಟಿ ಸಾಮಾನ್ಯವಾದುದಲ್ಲ.

ಪಾಶ್ಚಾತ್ಯರಲ್ಲಿ ಇದು ಕಣ್ಣಾರೆ ಕಾಣಿಸಿದ್ದು ಒಂದು ಆಕಸ್ಮಿಕದಿಂದ. 1822ರ ಜೂನ್ ತಿಂಗಳಿನಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದ ತುಪ್ಪಳ ವ್ಯಾಪಾರದ ಮಳಿಗೆಯೊಂದರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿನ ಹೊಟ್ಟೆಗೆ ಗುಂಡು ತಗಲಿತು. ಆತ ಬದುಕಿದ, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲಿಲ್ಲ. ಸೇನಾವೈದ್ಯ ವಿಲಿಯಂ ಬೋಮಾಂಟ್ ಆ ಕಿಂಡಿಯ ಮೂಲಕ ಜೀರ್ಣಕ್ರಿಯೆಯನ್ನು ವರ್ಷಗಟ್ಟಲೆ ನೋಡಿ 1833ರಲ್ಲಿ ಪುಸ್ತಕ ಬರೆದರು. ಸಿಟ್ಟು ಬಂದಾಗ ಜಠರದ ಒಳಮೈ ಬದಲಾಗಿ ಪಚನವು ಕೆಡುವುದನ್ನು ಅದರಲ್ಲಿ ದಾಖಲಿಸಿದ್ದಾರೆ. ಪರೀಕ್ಷೆಗೆ ಒಳಗಾದವನು ಬಡವ, ವೈದ್ಯರ ಮನೆಯ ಆಳಾಗಿ ಕರಾರಿಗೆ ಸಹಿ ಹಾಕಿದವನು. 1880ರಲ್ಲಿ ಅವನು ತೀರಿಕೊಂಡಾಗ ವೈದ್ಯರ ಕೈಗೆ ಶವ ಸಿಗಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಕಾದು ಆಳವಾದ ಗುಂಡಿಯಲ್ಲಿ ಹೂತರಂತೆ. ವಿಜ್ಞಾನದ ಜಮೆಯ ಬದಿಯನ್ನು ಓದುವಾಗ ಖರ್ಚಿನ ಬದಿಯನ್ನೂ ಓದಬೇಕಾಗುತ್ತದೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ಅವರ ಅವಲೋಕನ. ಕ್ಷಕಿರಣ ಪತ್ತೆಯಾದ ಮರುವರ್ಷವೇ, ಅಂದರೆ 1896ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಅವರು ಬೆಕ್ಕುಗಳ ಜಠರದ ಚಲನೆಯನ್ನು ಆ ಕಿರಣಗಳ ಸಹಾಯದಿಂದ ನೋಡತೊಡಗಿದರು. ಕಟ್ಟಿಹಾಕಿದಾಗ ಕೆರಳುವ ಗಂಡು ಬೆಕ್ಕುಗಳಲ್ಲಿ ಜಠರದ ಅಲೆಗಳು ಅನೇಕ ವೇಳೆ ಕಾಣುತ್ತಲೇ ಇರಲಿಲ್ಲ. ಶಾಂತವಾಗಿ ಮಲಗುವ ವಯಸ್ಸಾದ ಹೆಣ್ಣು ಬೆಕ್ಕುಗಳಲ್ಲಿ ಅವು ಸರಾಗವಾಗಿ ಹರಿಯುತ್ತಿದ್ದವು. ಒಂದು ದಿನ ಮರಿಗಳಿದ್ದ ತಾಯಿ ಬೆಕ್ಕೊಂದು ನೆಮ್ಮದಿಯಾಗಿದ್ದದ್ದು ಹಠಾತ್ತನೆ ಕಳವಳಗೊಂಡಿತು. ಆ ಕ್ಷಣವೇ ಜಠರದ ಚಲನೆ ನಿಂತುಹೋಯಿತು. ಮೈದಡವಿ ಸಂತೈಸಿ, ಅದು ಗುರುಗುಟ್ಟತೊಡಗಿದ ಮೇಲೆಯೇ ಅಲೆಗಳು ಮರಳಿ ಆರಂಭವಾದವು. ತಾಯಿಯ ಕಳವಳಕ್ಕೂ ಅನ್ನಕೋಶಕ್ಕೂ ನೇರವಾದ ನಂಟುಂಟೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ಬೇರೆ ಕಂಡಿಲ್ಲ. ಇಂತಹ ಜ್ಞಾನಕ್ಕಾಗಿ ಮೂಕಪ್ರಾಣಿಗಳನ್ನು ಕಟ್ಟಿಹಾಕಬೇಕಾಯಿತೆಂಬ ಸಂಗತಿ ಈ ಪತ್ರಿಕೆಯ ಓದುಗರನ್ನು ನೋಯಿಸದಿರದು. ಆದರೆ ಆ ಬೆಕ್ಕು ಕಲಿಸಿದ್ದನ್ನು ಮನುಷ್ಯರು ಕಲಿಯದೆ ಹೋದರೆ ಅದು ಇನ್ನೂ ದೊಡ್ಡ ನಷ್ಟ.

ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ಅಕ್ಕಿಯ ಪರೀಕ್ಷೆಯನ್ನೂ ಉಲ್ಲೇಖಿಸಿದ್ದಾರೆ. ಕಳವಿನ ಸಂಶಯವುಳ್ಳವರಿಗೆ ಮಂತ್ರಿಸಿದ ಅಕ್ಕಿಯನ್ನು ಅಗಿಯಲು ಕೊಟ್ಟು, ಉಗುಳಿದ್ದು ಒಣಗಿದ್ದರೆ ಅಪರಾಧಿಯೆಂದು ತೀರ್ಮಾನಿಸುವ ಪದ್ಧತಿ ಅದು. ಸ್ಮೃತಿಗಳಲ್ಲಿ ಬರುವ ತಂಡುಲದಿವ್ಯವೂ ಇದೇ ಜಾತಿಯದು. ಭಯದಿಂದ ಜೊಲ್ಲು ಬತ್ತುವುದು ನಿಜ. ಆದರೆ ಭಯವಾಗುವುದು ಕಳ್ಳನಿಗೆ ಮಾತ್ರವೇ? ನಾಲ್ಕು ಜನ ಗಂಡಸರ ನಡುವೆ ನಿಲ್ಲಿಸಲ್ಪಟ್ಟ ನಿರಪರಾಧಿಯಾದ ಮನೆಗೆಲಸದ ಹುಡುಗಿಯ ಬಾಯಿ ಒಣಗದಿದ್ದೀತೆ? ದೇಹವು ಭಯವನ್ನು ಮಾತ್ರ ತೋರಿಸುತ್ತದೆ, ಅದರ ಕಾರಣವನ್ನು ತೋರಿಸುವುದಿಲ್ಲ. ಕಾರಣ ತಿಳಿಯಬೇಕಾದರೆ ಕೇಳಲೇಬೇಕು.

ಎಲ್ಲ ಭಾವಗಳೂ ಹೊಟ್ಟೆಯನ್ನು ಒಂದೇ ರೀತಿ ಕೆಡಿಸುವುದಿಲ್ಲವೆಂಬುದು ನಂತರ ಗೊತ್ತಾಯಿತು. ನ್ಯೂಯಾರ್ಕ್‌ನಲ್ಲಿ ಸ್ಟೂವರ್ಟ್ ವುಲ್ಫ್ ಮತ್ತು ಹೆರಾಲ್ಡ್ ವುಲ್ಫ್ ಎಂಬಿಬ್ಬರು, ಬಾಲ್ಯದಲ್ಲಿ ಅನ್ನನಾಳ ಸುಟ್ಟುಹೋಗಿ ಹೊಟ್ಟೆಯ ತೂತಿನ ಮೂಲಕವೇ ಉಣ್ಣುತ್ತಿದ್ದ ಟಾಮ್ ಎಂಬಾತನನ್ನು ಪರೀಕ್ಷಿಸಿ 1943ರಲ್ಲಿ ಗ್ರಂಥ ಬರೆದರು. ಸಿಟ್ಟು ಬಂದಾಗ ಅವನ ಜಠರ ಕೆಂಪೇರಿ ಆಮ್ಲ ಹೆಚ್ಚುತ್ತಿತ್ತು. ಅಂಜಿದಾಗ, ಎದೆಗುಂದಿದಾಗ ಬಿಳಿಚಿ ಆಮ್ಲ ಇಳಿಯುತ್ತಿತ್ತು. ಆ ಬಳಿಕ ರೋಚೆಸ್ಟರ್ ನಗರದಲ್ಲಿ ಜಾರ್ಜ್ ಎಂಗಲ್ ಮತ್ತು ಫ್ರಾನ್ಜ್ ರೈಕ್ಸ್‌ಮನ್ 1956ರಲ್ಲಿ ವರದಿ ಮಾಡಿದ್ದು ಒಂದು ಹೆಣ್ಣುಕೂಸಿನ ವಿಷಯ. ವೈದ್ಯಸಾಹಿತ್ಯದಲ್ಲಿ ಮೋನಿಕಾ ಎಂಬ ಹೆಸರಿನಿಂದ ಬರುವ ಈ ಮಗು ಅನ್ನನಾಳದ ದೋಷದೊಂದಿಗೆ ಹುಟ್ಟಿ, ಹೊಟ್ಟೆಗೆ ಇಳಿಸಿದ ಕೊಳವೆಯಿಂದ ಆಹಾರ ಪಡೆಯುತ್ತಿತ್ತು. ಅಪರಿಚಿತರು ಹಾಸಿಗೆಯ ಬಳಿಗೆ ಬಂದರೆ ಮಗು ಅಳುವುದೂ ಇಲ್ಲದೆ ಮುಖ ತಿರುಗಿಸಿ ಮುದುಡಿಕೊಳ್ಳುತ್ತಿತ್ತು. ಆಗ ಜಠರದ ಆಮ್ಲ ಬಹುತೇಕ ನಿಂತುಹೋಗುತ್ತಿತ್ತು. ಅದನ್ನು ಬಲವಂತವಾಗಿ ಹೊರಡಿಸುವ ಹಿಸ್ಟಮಿನ್ ಚುಚ್ಚಿದರೂ ಸರಿಯಾಗಿ ಬರುತ್ತಿರಲಿಲ್ಲ. ಪ್ರೀತಿಯ ವೈದ್ಯರು ಬಂದರೆ ಎಲ್ಲವೂ ಮರಳುತ್ತಿತ್ತು. ಮುಂದೆ ಅವಳೂ ತಾಯಿಯಾದಳು. ತಾನು ಹೇಗೆ ತೊಡೆಯ ಮೇಲೆ ಅಂಗಾತ ಮಲಗಿ ಉಂಡಿದ್ದಳೋ ಹಾಗೆಯೇ ತನ್ನ ಮಕ್ಕಳಿಗೂ ಉಣಿಸುತ್ತಿದ್ದಳೆಂದು ಎಂಗಲ್ ಗುರುತಿಸಿದ್ದಾರೆ.

ಹೀಗೆ ಪ್ರಯೋಗಶಾಲೆ ಮುಂದೆ ಸಾಗುತ್ತಿದ್ದಾಗ ಆಸ್ಪತ್ರೆಯಲ್ಲಿ ಹೆಂಗಸಿನ ಪಾಡು ಹೇಗಿತ್ತು? ಅವಳ ಹೊಟ್ಟೆನೋವಿಗೆ ಸಿದ್ಧವಾದ ಒಂದು ಪದವಿತ್ತು: ಹಿಸ್ಟೀರಿಯಾ. ಗ್ರೀಕ್ ಭಾಷೆಯಲ್ಲಿ ಗರ್ಭಕೋಶವೆಂಬರ್ಥದ ಶಬ್ದದಿಂದ ಬಂದದ್ದು. 1892ರಲ್ಲಿ ವಿಲಿಯಂ ಆಸ್ಲರ್ ತಮ್ಮ ಪ್ರಸಿದ್ಧ ಪಠ್ಯದಲ್ಲಿ ಲೋಳೆಯೊಂದಿಗೆ ಕರುಳು ನೊಂದು ಕೆಡುವ ವ್ಯಾಧಿಯನ್ನು ವರ್ಣಿಸಿ, ಅದು ಉದ್ವೇಗಪರರಾದವರಲ್ಲಿ ಕಾಣುವುದನ್ನು ಗುರುತಿಸಿದರು. ಗುರುತಿಸಿದ್ದೇನೋ ಸರಿ, ಆದರೆ ಆ ಉದ್ವೇಗ ಎಲ್ಲಿಂದ ಬಂತೆಂದು ಆ ಕಾಲದ ವೈದ್ಯರು ಕೇಳಲಿಲ್ಲ. ಸ್ವಭಾವವೇ ಹಾಗೆ ಎಂದರೆ ಮುಗಿಯಿತು. ಇಂದಿಗೂ ನಮ್ಮಲ್ಲಿ ‘ಅವಳಿಗೇನು, ಟೆನ್ಶನ್ನು, ಗ್ಯಾಸ್ಟ್ರಿಕ್ಕು’ ಎಂದು ಮಾತು ಮುಗಿಸುವುದು ಅದೇ ಹಳೆಯ ಪದದ ಹೊಸ ಅವತಾರ.

ಅದು ನಟನೆಯಲ್ಲ, ಬರಿಯ ಸ್ವಭಾವವೂ ಅಲ್ಲ ಎಂಬುದಕ್ಕೆ ಶರೀರಶಾಸ್ತ್ರವೇ ಸಾಕ್ಷಿ. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಮಿಗಿಲಾದ ನರಕೋಶಗಳಿವೆ. ಅವು ಮಿದುಳಿನೊಡನೆ ವೇಗಸ್ ಮೊದಲಾದ ನರಗಳ ಮೂಲಕ ಸದಾ ವ್ಯವಹರಿಸುತ್ತಿರುತ್ತವೆ. ವೇಗಸ್ ನರದ ತಂತುಗಳಲ್ಲಿ ಹೆಚ್ಚಿನ ಪಾಲು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯತಕ್ಕವು. ಆಘಾತವಾದಾಗ ಮಿದುಳಿನಲ್ಲಿ ಹೊರಡುವ ಸಿ.ಆರ್.ಎಫ್. ಎಂಬ ರಾಸಾಯನಿಕವನ್ನು 1981ರಲ್ಲಿ ಗುರುತಿಸಲಾಯಿತು. ಇದು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ದೊಡ್ಡ ಕರುಳನ್ನು ಅವಸರಪಡಿಸುತ್ತದೆ. ಎರಡು ತುತ್ತಿಗೇ ಹೊಟ್ಟೆ ಭಾರ, ಆದರೆ ಮೇಲಿಂದ ಮೇಲೆ ಬಹಿರ್ದೆಸೆಗೆ ಓಟ ಎಂದು ಒಬ್ಬಳೇ ಹೆಂಗಸು ಎರಡು ವಿರುದ್ಧ ದೂರುಗಳನ್ನು ಹೇಳಿದರೆ ಅದರಲ್ಲಿ ಸುಳ್ಳಿಲ್ಲ. ಅಲ್ಲದೆ ಇಂತಹ ರೋಗಿಗಳ ಕರುಳಿನಲ್ಲಿ ಚಿಕ್ಕ ಬಲೂನನ್ನು ಉಬ್ಬಿಸಿದಾಗ ಇತರರಿಗಿಂತ ಬೇಗನೆ ನೋವಾಗುವುದನ್ನು 1973ರಲ್ಲಿ ರಿಚಿ ಎಂಬ ವೈದ್ಯರು ತೋರಿಸಿದರು. ಬಹುಕಾಲದ ಆತಂಕವು ಈ ಸೂಕ್ಷ್ಮತೆಯನ್ನು ಹೆಚ್ಚಿಸುತ್ತದೆ. ಅನೇಕ ಸ್ತ್ರೀಯರಲ್ಲಿ ಮುಟ್ಟಿನ ದಿನಗಳಲ್ಲಿ ತೊಂದರೆ ಇನ್ನಷ್ಟು ಏರುತ್ತದೆ.

ಇಲ್ಲೊಂದು ಎಚ್ಚರದ ಮಾತು ಅಗತ್ಯ. ಜಠರದ ಹುಣ್ಣು ಚಿಂತೆಯಿಂದಲೇ ಬರುವುದೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಒಂದು ಸೂಕ್ಷ್ಮಾಣುವನ್ನು ಬೆಳೆಸಿ, ಹೆಚ್ಚಿನ ಹುಣ್ಣುಗಳಿಗೆ ಅದೇ ಕಾರಣವೆಂದು ಸಾಧಿಸಿದರು. 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆದುದರಿಂದ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಸಲ್ಲದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಸುಮಾರಿಗೆ ಹೊಸದಾಗಿ ತೊಡಗಿದ ಹೊಟ್ಟೆಯುಬ್ಬರ, ಇವುಗಳಲ್ಲಿ ಯಾವುದಿದ್ದರೂ ಮೊದಲು ತಕ್ಕ ತಪಾಸಣೆಯಾಗಬೇಕು. ‘ಟೆನ್ಶನ್’ ಎಂಬ ಒಂದೇ ಮಾತಿನಿಂದ ಅರ್ಬುದ ರೋಗವು ಮರೆಯಾಗಿ ಉಳಿದೀತು.

ಹೆಂಗಸನ್ನು ಕೊನೆಗೂ ಕೇಳಿದ್ದು 1990ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದ ಡಗ್ಲಸ್ ಡ್ರಾಸ್‌ಮನ್ ಮತ್ತು ಸಂಗಡಿಗರು ಜೀರ್ಣಾಂಗ ಚಿಕಿತ್ಸಾಲಯಕ್ಕೆ ಒಬ್ಬರ ಹಿಂದೊಬ್ಬರಂತೆ ಬಂದ 206 ಸ್ತ್ರೀಯರನ್ನು, ಬದುಕಿನಲ್ಲಿ ಎಂದಾದರೂ ಲೈಂಗಿಕ ಅಥವಾ ದೈಹಿಕ ಹಿಂಸೆಗೆ ಗುರಿಯಾಗಿದ್ದಿರಾ ಎಂದು ಕೇಳಿದರು. ನೂರಕ್ಕೆ 44 ಮಂದಿ ಹೌದೆಂದರು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಅದುವರೆಗೆ ಅದನ್ನು ಯಾರೊಡನೆಯೂ ಆಡಿರಲಿಲ್ಲ. ವೈದ್ಯರಿಗೆ ತಿಳಿಸಿದ್ದವರು ನೂರಕ್ಕೆ 17 ಮಾತ್ರ. ದೊಡ್ಡ ಆಸ್ಪತ್ರೆಗೆ ಕಳುಹಿಸಲ್ಪಟ್ಟ, ರೋಗ ಹಳಗಟ್ಟಿದ ಸ್ತ್ರೀಯರ ಲೆಕ್ಕವಿದು; ಇದನ್ನು ಎಲ್ಲ ಸ್ತ್ರೀಯರಿಗೂ ಅನ್ವಯಿಸುವಂತಿಲ್ಲ. ಹೊಟ್ಟೆ ಕೆಟ್ಟ ಪ್ರತಿಯೊಬ್ಬಳ ಹಿಂದೆಯೂ ಇಂತಹ ಕತೆಯಿದೆಯೆಂದು ಊಹಿಸುವುದು ಇನ್ನೊಂದು ಬಗೆಯ ಅನ್ಯಾಯ. ನನ್ನನ್ನು ತಡೆದು ನಿಲ್ಲಿಸಿದ್ದು 44 ಎಂಬ ಅಂಕಿಯಲ್ಲ, 17 ಎಂಬುದು. ಕರುಳನ್ನು ಒಳಗಿನಿಂದ ನೋಡುವ ನಳಿಕೆಗಳನ್ನು ಇಳಿಸಿದವರಿಗೆ ಈ ಒಂದು ಪ್ರಶ್ನೆ ಕೇಳಲು ತೋಚಿರಲಿಲ್ಲ.

ನಮ್ಮ ದೇಶದ ಲೆಕ್ಕ ಮತ್ತೂ ವಿಚಿತ್ರ. ಕರುಳಿನ ಈ ವ್ಯಾಧಿ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಸ್ತ್ರೀಯರಲ್ಲಿಯೇ ಹೆಚ್ಚು. ಭಾರತೀಯ ಜೀರ್ಣಾಂಗತಜ್ಞರ ಸಂಘವು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆಸ್ಪತ್ರೆಗಳಿಗೆ ಬಂದ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಪುರುಷರು. ಅದೇ ವರದಿಗಾಗಿ ಜನರ ನಡುವೆ ಹೋಗಿ 4500 ಮಂದಿಯನ್ನು ವಿಚಾರಿಸಿದಾಗ ವ್ಯಾಧಿ ನೂರಕ್ಕೆ ನಾಲ್ವರಲ್ಲಿ ಕಂಡುಬಂದಿತು. ಗಂಡು ಹೆಣ್ಣುಗಳಲ್ಲಿ ಹೆಚ್ಚುಕಡಿಮೆ ಸಮವಾಗಿತ್ತು. ಮನೆಯಲ್ಲಿ ಸಮನಾಗಿದ್ದ ನೋವು ಆಸ್ಪತ್ರೆಯ ಬಾಗಿಲಿಗೆ ಬರುವಾಗ ಏಕೆ ಅಸಮವಾಯಿತು? ಖಾತೆಯಲ್ಲಿ ಬರೆಯದ ಮಾತ್ರಕ್ಕೆ ಸಾಲವಿಲ್ಲವೆಂದಾಗದೆಂಬುದು ವ್ಯಾಪಾರಿಗಳಾದ ನಮಗೆಲ್ಲ ಗೊತ್ತು. ಗಂಡನಿಗೆ ಹೊಟ್ಟೆ ನೊಂದರೆ ತಜ್ಞರ ಬಳಿಗೆ, ಹೆಂಡತಿಗೆ ನೊಂದರೆ ಓಮಿನ ಕಾಳು, ಜೀರಿಗೆಯ ಕಷಾಯ, ಇಲ್ಲವೆ ಔಷಧದಂಗಡಿಯ ಗುಳಿಗೆ. ನನ್ನ ತಿಳಿವಳಿಕೆಯಲ್ಲಿ ಈ ಅಸಮತೆಯ ದೊಡ್ಡ ಕಾರಣ ಇದೇ.

ನಮ್ಮ ಸಮಾಜದಲ್ಲಿ ಇದಕ್ಕೆ ಇನ್ನೊಂದು ಮರೆಯೂ ಉಂಟು. ಉಪವಾಸವನ್ನು ಗೌರವಿಸುವ ಮನೆಯಲ್ಲಿ, ಸಂಕಟದಿಂದ ಅನ್ನ ಸೇರದವಳ ಹಸಿವಿಲ್ಲದಿಕೆ ವ್ರತದ ಹೆಸರಿನಲ್ಲಿ ಸುಲಭವಾಗಿ ಸಾಗಿಹೋಗುತ್ತದೆ. ಪ್ರತ್ಯಾಖ್ಯಾನ ಮಾಡಿ ಸ್ವಸಂತೋಷದಿಂದ ಅನ್ನ ಬಿಡುವುದು ಬೇರೆ, ಗಂಟಲಿನಲ್ಲಿ ಇಳಿಯದೆ ಬಿಡುವುದು ಬೇರೆ. ಸೂರ್ಯಾಸ್ತದೊಳಗೆ ಎಲ್ಲರಿಗೂ ಬಡಿಸಿ ತನಗೆ ಹೊತ್ತು ಮೀರಿತೆಂದು ಎದ್ದುಹೋಗುವ ಸೊಸೆಯದು ಇವೆರಡರಲ್ಲಿ ಯಾವುದೆಂದು ಕೇಳಿದವರೆಷ್ಟು ಜನ?

ಕೇಳುವುದರಿಂದ ಪ್ರಯೋಜನವಿದೆಯೇ ಎಂದರೆ ಇದೆ. ಡ್ರಾಸ್‌ಮನ್ ಅವರ ತಂಡವೇ 2003ರಲ್ಲಿ 431 ಸ್ತ್ರೀಯರ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿತು. ರೋಗದ ವಿಷಯವನ್ನು ಬರಿದೆ ತಿಳಿಸಿಕೊಟ್ಟವರಲ್ಲಿ ನೂರಕ್ಕೆ 37 ಮಂದಿಗೆ ಗುಣ ಕಂಡರೆ, ಆಲೋಚನೆ ಮತ್ತು ವರ್ತನೆಯ ರೀತಿಯನ್ನು ತಿದ್ದುವ ಆಪ್ತಸಮಾಲೋಚನೆ ಪಡೆದವರಲ್ಲಿ 70 ಮಂದಿಗೆ ಕಂಡಿತು. 2016ರಿಂದ ತಜ್ಞರು ಈ ವ್ಯಾಧಿಗಳನ್ನು ಕರುಳು ಮತ್ತು ಮಿದುಳಿನ ಪರಸ್ಪರ ವ್ಯವಹಾರದ ದೋಷಗಳೆಂದೇ ಕರೆಯುತ್ತಿದ್ದಾರೆ. ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ಹಿಂಸೆಯೆಂದು ಎಣಿಸುತ್ತದೆ. ಮನಸ್ಸಿನ ಸಂಕಟಕ್ಕೆ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಗಿದ್ದು ಕನ್ನಡದಲ್ಲಿಯೂ ಮಾತನಾಡಬಹುದು.

ಬಸದಿಗಳ ಟ್ರಸ್ಟುಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಸಾಮಾನ್ಯವಾಗಿ ಒಂದೇ ಮಂಟಪ, ಉದ್ದನೆಯ ಮೇಜು, ಹಿಂದೆ ಸಾಲುಗಟ್ಟಿ ನಿಂತ ಜನ. ಅತ್ತೆ ಪಕ್ಕದಲ್ಲಿ ನಿಂತಿರುವಾಗ, ಗಂಡನೇ ಮುಂದಾಗಿ ‘ಇವಳಿಗೆ ಗ್ಯಾಸ್ಟ್ರಿಕ್ ಸಾರ್’ ಎಂದು ಉತ್ತರಿಸುವಾಗ ಆ ಹೆಣ್ಣುಮಗಳು ಇನ್ನೇನು ಹೇಳಿಯಾಳು? ಬಸದಿಯ ಪಾಠಶಾಲೆಯ ಒಂದು ಕೋಣೆಯನ್ನು ಬಿಡಿಸಿ, ಬಾಗಿಲಿಗೊಂದು ಪರದೆ ಕಟ್ಟಿ, ಒಬ್ಬ ವೈದ್ಯೆಯನ್ನು ಕೂರಿಸಿ, ಒಬ್ಬೊಬ್ಬರನ್ನೇ ಒಳಗೆ ಕಳುಹಿಸುವ ಏರ್ಪಾಡಿಗೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ. ಮುಂದಿನ ಶಿಬಿರದ ಆಯವ್ಯಯ ಬರೆಯುವಾಗ ಟ್ರಸ್ಟಿನ ಹಿರಿಯರು ಇದನ್ನು ಸೇರಿಸಿಕೊಳ್ಳಬೇಕೆಂದು ನನ್ನ ವಿನಂತಿ.