ಕೆರೊಲಿನ್‌ಬಾಯಿ ಮತ್ತ ಕಡಿಮಿ ಪವರಿನ ಐಪೀಸು

ಹೋದ ವರ್ಷ ಮಗನ ಸಲವಾಗಿ 6 ಇಂಚಿನ ಕನ್ನಡಿ ದುರ್ಬೀನು ತಂದ್ವಿ. ಅಂಗಡ್ಯಾಂವ ‘ಪವರ್ ಹೆಚ್ಚಿದ್ದಷ್ಟ ಛಲೋರಿ’ ಅಂದದ್ದಕ್ಕ 4 ಮಿ.ಮೀ. ಐಪೀಸು ತೊಗೊಂಡೆ. ಕನ್ನಡಿ ನಾಭಿದೂರ 1200, ಭಾಗಲೇ 4, ಅಂದ್ರ 300 ಪಟ್ಟು! ಮಾಳಗಿ ಮ್ಯಾಲೆ ಕೃತ್ತಿಕಾ ಹುಡುಕಿ ಹುಡುಕಿ ನನ್ನ ಸೊಂಟ ಹಿಡೀತು, ಹುಡುಗ ಮಲಕೊಂಡಬಿಡ್ತು. ಆವಾಗ ಹಿಂದ ಓದಿದ್ದ ಕೆರೊಲಿನ್ ಹರ್ಶೆಲ್ ಕಥಿ ನೆನಪಾತು.

ಆಕಿ ಅಣ್ಣ ವಿಲಿಯಮ್, 1781ರಾಗ ಇಂಗ್ಲೆಂಡಿನ ಬಾತ್ ಊರಾಗ ಯುರೇನಸ್ ಕಂಡಾಂವ. ಅವತ್ತ ಹಾಕಿದ್ದ ಐಪೀಸು 227 ಪಟ್ಟಿಂದು. ಪವರಿನ ಹುಚ್ಚು ಅಂವಗ. 6000ದ ಮ್ಯಾಲೆ ಏರಿಸೇನಿ ಅಂದ್ರ ಪಂಡಿತರು ನಂಬಲೇ ಇಲ್ಲ. ಅಂವ ಕನ್ನಡಿ ತಿಕ್ಕಲಿಕ್ಕೆ ಕೂತ್ರ ತಾಸುಗಟ್ಟಲೆ ಕೈ ತಗೀತಿದ್ದಿಲ್ಲ, ಬಾಯಾಗ ತುತ್ತು ಇಡಾಕಿ ಈ ತಂಗಿನ. ಮನಿ ಲೆಕ್ಕಾನೂ ಆಕಿದ.

1783ರಾಗ ಅಂವ ತಂಗಿಗೆ ಬರೇ 27 ಇಂಚು ನಾಭಿದೂರದ ಸಣ್ಣ ದುರ್ಬೀನು ಮಾಡಿ ಕೊಟ್ಟ. ಪವರು 30ಕ್ಕಿಂತ ಕಡಿಮಿ. ಖರೇ ಮಜಾ ಇಲ್ಲೇ ಅದ. ಅಣ್ಣನ 20 ಅಡಿ ದುರ್ಬೀನು 157 ಪಟ್ಟಿನಾಗ ತೋರಸ್ತಿದ್ದ ಆಕಾಶ ಅರ್ಧ ಚಂದ್ರನಷ್ಟ ಅಗಲ. ತಂಗೀದ್ರಾಗ ನಾಕು ಚಂದ್ರ ಸಾಲಾಗಿ ಹಿಡಿಯುವಷ್ಟು! ಧೂಮಕೇತು ಹುಡುಕಲಿಕ್ಕೆ ಅಗಲ ಬೇಕ್ರಿ, ಪವರಲ್ಲ.

1786ರ ಆಗಸ್ಟ್ 1. ಅಣ್ಣ ಜರ್ಮನಿಗೆ ಹೋಗಿದ್ದ. ಸ್ಲೌ ಊರಿನ ಮನ್ಯಾಗ ಆಕಿ ಹಗಲೆಲ್ಲಾ 100 ನೀಹಾರಿಕೆಗಳ ಲೆಕ್ಕಾ ಮಾಡಿ, ರಾತ್ರಿ ದುರ್ಬೀನಿಗೆ ಕಣ್ಣ ಹಚ್ಚಿದ್ಲು. ಮಬ್ಬು ಚುಕ್ಕಿ ಒಂದು ಕಂಡ್ತು. ಮರುದಿನ ಅದು ಜಾಗಾ ಬದಲಿಸಿತ್ತು: ಧೂಮಕೇತು! ಮುಂದ 1797ರ ತನಕ ಒಟ್ಟ ಎಂಟು ಆಕಿ ಲೆಕ್ಕಕ್ಕ ಬಂದ್ವು. 1787ರಿಂದ ಅರಮನಿ ವರ್ಷಕ್ಕ 50 ಪೌಂಡ್ ಪಗಾರ ಕೊಟ್ಟಿತು, ಅದೂ ‘ಅಣ್ಣನ ಸಹಾಯಕಿ’ ಅಂತ. ತನ್ನ ಮನಸ್ಸಿಗೆ ಬಂದಂಗ ಖರ್ಚು ಮಾಡಲಿಕ್ಕೆ ಸಿಕ್ಕ ಮದಲನೇ ರೊಕ್ಕ ಅದ ಅಂತ ಬರಕೊಂಡಾಳ. ಆಗ ಆಕಿಗೆ 37 ವರ್ಷ. ನಮ್ಮ ಮನಿ ಹೆಣ್ಣಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಂಗಂತ ಪವರು ಎಷ್ಟರೆ ಇಳಸಲಿಕ್ಕೆ ಬರೂದಿಲ್ಲ ಮತ್ತ. ಕನ್ನಡಿ ಅಗಲಾ ಪವರಿನಿಂದ ಭಾಗಿಸ್ರಿ; ಐಪೀಸಿನಿಂದ ಹೊರಗ ಬರೋ ಬೆಳಕಿನ ದಪ್ಪ ಸಿಗತದ. ಕತ್ತಲ್ಯಾಗ ಕಣ್ಣಪಾಪಿ ಹೆಚ್ಚಂದ್ರ 7 ಮಿ.ಮೀ. ತೆರೀತದ, ನಮ್ಮಂಥಾ ವಯಸ್ಸಾದವರದು 5 ಇದ್ರ ಪುಣ್ಯ. ಅದನ್ನ ಮೀರಿದ್ರ ಬೆಳಕು ಹಾಲು ಉಕ್ಕಿದಂಗ ಹೊರಗ ಹೋಗತದ, ನಡುವಿನ ಸಣ್ಣ ಕನ್ನಡಿ ನೆರಳೂ ಕಣ್ಣಿಗೆ ಅಡ್ಡ ಬರತದ. ಇನ್ನ ಸವ್ವಾ ಇಂಚಿನ ಕೊಳವ್ಯಾಗ 32 ಮಿ.ಮೀ. ಪ್ಲಾಸಲ್ ಮತ್ತ 40ರ ನಡುವ ಕಾಣೋ ಆಕಾಶ ಅಷ್ಟಕ್ಕಷ್ಟ, ಕೊಳವಿನ ಅಡ್ಡ ಆಗತದ. ಸುಮ್ಮನ 40ಕ್ಕ ರೊಕ್ಕಾ ಹಾಕಬ್ಯಾಡ್ರಿ.

ನಾವು 32ರದ್ದು ತಂದ್ವಿ. ಕೃತ್ತಿಕಾ ಗೊಂಚಲದ ದೊಡ್ಡ ಚುಕ್ಕಿಗಳೆಲ್ಲಾ ಒಮ್ಮೆಗೇ ಕಂಡ್ವು. ಹುಡುಗನ್ನ ಮತ್ತ ಎಬ್ಬಿಸಿ ಕರಕೊಂಡ ಬಂದೆ.