ಫೋಟೋದ ಹೊರಗೆ ನಿಂತವರು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಆಗ ಒಂದು ಫೋಟೋ ಸ್ಟುಡಿಯೋ ಇತ್ತು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಯಿದೆ. 1979ರ ಫೆಬ್ರವರಿಯ ಒಂದು ಮಧ್ಯಾಹ್ನ ಆ ಸ್ಟುಡಿಯೋದವರು ಬಸ್ಸಿನಲ್ಲಿ ಕ್ಯಾಮೆರಾ ಹೊತ್ತುಕೊಂಡು ಭದ್ರಾವತಿಗೆ ಬಂದು ನಮ್ಮ ಎಸ್ಸೆಸ್ಸೆಲ್ಸಿ ತರಗತಿಯ ಗ್ರೂಪ್ ಫೋಟೋ ತೆಗೆದರು. ಬೂದುಬಣ್ಣದ ರಟ್ಟಿಗೆ ಅಂಟಿಸಿದ ಆ ಕಪ್ಪುಬಿಳುಪು ಫೋಟೋ ನಲವತ್ತೈದು ವರ್ಷ ನನ್ನ ಜೊತೆ ಮನೆಯಿಂದ ಮನೆಗೆ ಬಂದಿದೆ. ಅದನ್ನು ನಾನು ನೂರಾರು ಸಲ ನೋಡಿದ್ದೇನೆ. ಓದಲು ಕಲಿತದ್ದು ಮಾತ್ರ ಕಳೆದ ವರ್ಷ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು. ಆಕರವನ್ನು ನಂಬುವ ಮೊದಲು ಅದನ್ನು ಯಾರು ಮಾಡಿಸಿದರು, ಯಾರ ಖರ್ಚಿನಲ್ಲಿ ಮಾಡಿಸಿದರು, ಅದರಲ್ಲಿ ಯಾರಿಲ್ಲ ಎಂದು ಕೇಳಬೇಕು ಅಂತ ಪ್ರತಿ ವರ್ಷವೂ ಹೇಳಿದ್ದೇನೆ. ಶಾಸನಗಳ ಬಗ್ಗೆ ಹೇಳಿದೆ, ಕೈಫಿಯತ್ತುಗಳ ಬಗ್ಗೆ ಹೇಳಿದೆ. ನನ್ನದೇ ಗೋಡೆಯ ಮೇಲಿದ್ದ ಫೋಟೋಗೆ ಆ ಪ್ರಶ್ನೆ ಕೇಳಲಿಲ್ಲ.

ಮೊದಲು ಊರಿನ ಮಾತು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಮೊಳೆತ ಕಬ್ಬಿಣದ ಕಾರ್ಖಾನೆಯ ಯೋಜನೆ 1923ರ ಜನವರಿಯಲ್ಲಿ ಕೈಗೂಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲು, ಭದ್ರೆಯ ನೀರು ಸೇರಿ ಇಲ್ಲಿ ಕಬ್ಬಿಣ ಹುಟ್ಟಿತು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು, ಬಯಲುಸೀಮೆಯವರು ಬಂದು ನೆಲೆಸಿದರು. ಹಾಗಾಗಿ ನಮ್ಮ ತರಗತಿಯಲ್ಲಿ ಮನೆಮಾತು ಐದಾರು ಇದ್ದವು, ಜಗಳದ ಮಾತು ಮಾತ್ರ ಕನ್ನಡ. ಹಳೇನಗರ, ನ್ಯೂಟೌನ್, ಪೇಪರ್ ಟೌನ್, ಜನ್ನಾಪುರ ಎಂದು ಯಾರು ಎಲ್ಲಿಂದ ಬರುತ್ತಾರೆ ಅನ್ನುವುದರಲ್ಲೇ ಅವರ ಅಪ್ಪನ ಕೆಲಸ, ಮನೆಗೆ ನಲ್ಲಿಯಿದೆಯೋ ಇಲ್ಲವೋ, ಎಲ್ಲವೂ ಗೊತ್ತಾಗುತ್ತಿತ್ತು. ಇಡೀ ಊರಿಗೆ ಗಡಿಯಾರ ಒಂದೇ: ಕಾರ್ಖಾನೆಯ ಸೈರನ್.

ಆ ಊರು ಈಗ ಹಾಗಿಲ್ಲ. ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ, ಕಬ್ಬಿಣದ ಕಾರ್ಖಾನೆಗೆ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಆಗಸ್ಟಿನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಆದರೆ ಆ ಜನವರಿಯ ಸುದ್ದಿ ನಮ್ಮ ವಯಸ್ಸಿನವರನ್ನು ಅಲ್ಲಾಡಿಸಿತು. ಊರೇ ಹೋದರೆ ನಾವು ಅಲ್ಲಿದ್ದೆವು ಅನ್ನುವುದಕ್ಕೆ ಏನು ಉಳಿಯುತ್ತದೆ? ಬೆಂಗಳೂರಿನಲ್ಲಿರುವ ಒಬ್ಬ ವಾಟ್ಸಾಪ್ ಗುಂಪು ಮಾಡಿದ. ಗುರುವಂದನೆ ಮಾಡೋಣ, ನೆನಪಿನ ಸಂಚಿಕೆ ತರೋಣ ಎಂದು ತೀರ್ಮಾನವಾಯಿತು. "ಇತಿಹಾಸದ ಮೇಷ್ಟ್ರು ನೀನು, ನೀನೇ ಬರಿ" ಅಂದರು.

ನಮ್ಮ ಜಿಲ್ಲೆಯಲ್ಲಿ ಶಾಲೆಯ ನೆನಪುಗಳಿಗೆ ಬರವಿಲ್ಲ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಇದೆ, ಲಂಕೇಶರ 'ಹುಳಿಮಾವಿನ ಮರ' ಇದೆ. ಆದರೆ ಅವು ಮುಂದೆ ದೊಡ್ಡವರಾದವರು ಹಿಂತಿರುಗಿ ನೋಡಿ ಬರೆದದ್ದು. ಅಲ್ಲಿ ಸಹಪಾಠಿಗಳು ಒಬ್ಬನ ಕತೆಯೊಳಗೆ ಬಂದು ಹೋಗುವವರು. ಒಂದು ತರಗತಿಗೆ ಆತ್ಮಕಥೆ ಇರುವುದಿಲ್ಲ. ಅದಕ್ಕೆ ಇರುವುದು ಮೂರು ಆಕರ: ಶಾಲೆಯ ದಾಖಲಾತಿ ಪುಸ್ತಕ, ಗ್ರೂಪ್ ಫೋಟೋ, ಮತ್ತು ಬದುಕಿರುವವರ ನೆನಪು. ಮೂರೂ ಸುಳ್ಳು ಹೇಳುತ್ತವೆ, ಆದರೆ ಬೇರೆ ಬೇರೆ ಸುಳ್ಳು. ಅದೇ ಇತಿಹಾಸಕಾರನ ಪುಣ್ಯ.

ದಾಖಲಾತಿ ಪುಸ್ತಕ ಶಾಲೆಗಳು ಎಂದೂ ಎಸೆಯದ ಪುಸ್ತಕ. ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ಇದರಲ್ಲಿ ಹುಟ್ಟಿದ ದಿನವನ್ನು ನಂಬಬೇಡಿ. ಜೂನ್ ಒಂದರಂದು ಹುಟ್ಟಿದವರು ಆ ಪುಟಗಳಲ್ಲಿ ಇಷ್ಟೊಂದು ಜನ ಯಾಕೆ? ತಾಯಿಗೆ ನೆನಪಿದ್ದದ್ದು "ದೊಡ್ಡ ಮಳೆ ಬಂದ ವರ್ಷ" ಅಂತ, ಮೇಷ್ಟ್ರಿಗೆ ಬೇಕಿದ್ದದ್ದು ತಾರೀಖು. ಶಾಲೆ ಶುರುವಾಗುವ ಹೊತ್ತಿಗೆ ಹೊಂದುವ ಒಂದು ದಿನವನ್ನು ಅವರೇ ಬರೆದುಬಿಟ್ಟರು. ಅದೇ ದಿನ ಅಂಕಪಟ್ಟಿಗೆ ಇಳಿಯಿತು, ಕೆಲಸದ ಕಡತಕ್ಕೆ ಹೋಯಿತು, ಕೊನೆಗೆ ನಾವು ನಿವೃತ್ತರಾಗುವ ದಿನವನ್ನೂ ನಿರ್ಧರಿಸಿತು.

ಫೋಟೋದ ರಟ್ಟಿನ ಕೆಳಗೆ 'ನಿಂತವರು', 'ಕುಳಿತವರು', 'ನೆಲದ ಮೇಲೆ ಕುಳಿತವರು' ಎಂದು ಹೆಸರುಗಳಿವೆ. ವಿದ್ಯಾರ್ಥಿಗಳು 40. ಅದರಲ್ಲಿ ಹುಡುಗಿಯರು 11. ಆದರೆ ನನ್ನ ಹಳೆಯ ಟ್ರಂಕಿನಲ್ಲಿ ಇನ್ನೊಂದು ವಸ್ತು ಸಿಕ್ಕಿತು: ಸಮಾಜ ವಿಜ್ಞಾನದ ನೋಟ್ ಪುಸ್ತಕ. ಅದರ ಕೊನೆಯ ಪುಟದಲ್ಲಿ ನನ್ನದೇ ಅಕ್ಷರದಲ್ಲಿ 46 ಹೆಸರುಗಳು. ನಾನು ತರಗತಿಯ ಮಾನಿಟರ್. ಫೋಟೋಗೆ ತಲಾ 5 ರೂಪಾಯಿ ವಸೂಲಿ ಮಾಡುವ ಕೆಲಸ ನನ್ನದು. ಕೊಟ್ಟವರ ಮುಂದೆ ಸರಿ ಗುರುತು, ಕೊಡದವರ ಹೆಸರಿನ ಮೇಲೆ ಅಡ್ಡಗೆರೆ. ಅಡ್ಡಗೆರೆಯವರ ಹೆಸರನ್ನು ತರಗತಿಯಲ್ಲಿ ಎದ್ದು ನಿಂತು ಓದಿದ್ದೂ ನಾನೇ. ಅದು ನನಗೆ ಮರೆತಿತ್ತು. ಪುಟ ಮರೆತಿರಲಿಲ್ಲ.

ಫೋಟೋದಲ್ಲಿಲ್ಲದ ಆರು ಜನ ಯಾರು? ಇಬ್ಬರು ಹುಡುಗಿಯರು ಪರೀಕ್ಷೆಗೆ ಮೊದಲೇ ಮದುವೆಯಾಗಿ ಹೋದರು. ಒಬ್ಬನಿಗೆ ಅಮ್ಮ ಬಂದಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿದ್ದ. ಉಳಿದ ಮೂವರು ಅಡ್ಡಗೆರೆಯವರು. ಆ ಮೂವರಲ್ಲಿ ಒಬ್ಬ ತೀರಿಕೊಂಡು ಬಹಳ ವರ್ಷವಾಯಿತು. ಇನ್ನೊಬ್ಬ ಇವತ್ತಿಗೂ ಸಿಕ್ಕಿಲ್ಲ.

ಹುಡುಗಿಯರನ್ನು ಹುಡುಕುವುದು ಇನ್ನೂ ಕಷ್ಟವಾಯಿತು. ಗಂಡಸರು ಅದೇ ಹೆಸರಿನಲ್ಲಿ ಬದುಕುತ್ತಾರೆ. ಹೆಂಗಸರ ಇನಿಷಿಯಲ್ ಬದಲಾಗುತ್ತದೆ, ಊರು ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹೆಸರೇ ಬದಲಾಗುತ್ತದೆ. ಗುಂಪಿನಲ್ಲಿ ಮೊದಲು ಸೇರಿದ ಹೆಣ್ಣುಮಕ್ಕಳು ಮೂರೇ ಜನ. ದಾರಿ ತೋರಿಸಿದ್ದು ಅವರಲ್ಲೇ ಒಬ್ಬಳು. "ಮಾರಿ ಜಾತ್ರೆ ತನಕ ಸುಮ್ಮನಿರು. ತವರಿಗೆ ಬರದೆ ಎಲ್ಲಿಗೆ ಹೋಗ್ತಾರೆ?" ಅಂದಳು. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೊದಲ ದಿನ ದೇವಿ ಕೂರುವುದು ಗಾಂಧಿ ಬಜಾರಿನಲ್ಲಿ. ಅದು ಅವಳ ತವರುಮನೆ. ಅಲ್ಲಿ ಮಡಿಲು ತುಂಬಿಸಿಕೊಂಡ ಮೇಲೆ ಕೋಟೆಯ ಗದ್ದುಗೆಗೆ ಹೋಗುತ್ತಾಳೆ. ಸುತ್ತಲಿನ ಊರುಗಳಿಗೆ ಕೊಟ್ಟ ಹೆಣ್ಣುಮಕ್ಕಳೂ ಆ ವಾರ ಬರುತ್ತಾರೆ. 2024ರ ಮಾರ್ಚಿನ ಜಾತ್ರೆಯಲ್ಲಿ ನಮ್ಮ ಗೆಳತಿ ತವರಿಗೆ ಬಂದವರ ಮನೆಮನೆ ಸುತ್ತಿ ಐದು ಜನರ ನಂಬರ್ ತಂದಳು. ಯಾವ ದಾಖಲೆಯೂ ಮಾಡದ ಕೆಲಸವನ್ನು ಒಂದು ಜಾತ್ರೆ ಮಾಡಿತು.

ಆ ಜಾತ್ರೆಯಲ್ಲೇ ಇನ್ನೊಂದು ಸುದ್ದಿಯೂ ಸಿಕ್ಕಿತು. ಅಡ್ಡಗೆರೆಯವರಲ್ಲಿ ಮೂರನೆಯವನು ಗಾಂಧಿ ಬಜಾರಿನ ಒಂದು ಜವಳಿ ಅಂಗಡಿಯಲ್ಲೇ ಇದ್ದಾನೆ ಅಂತ. ಹೋದೆ. ಸೀರೆ ಮಡಿಸುತ್ತಿದ್ದವನು ತಲೆಯೆತ್ತಿ ನೋಡಿ, "ಬಾರೋ ಮಾನಿಟರ್" ಅಂದ.

ನನಗೆ ಗುರುತೇ ಸಿಗಲಿಲ್ಲ. ಅವನಿಗೆ ಸಿಕ್ಕಿತ್ತು. ಮೊದಲ ಸಲವೇನೂ ಅಲ್ಲ. "ನಿನ್ನ ಮಗಳ ಮದುವೆ ಜವಳಿಗೆ ಬಂದಿದ್ರಲ್ಲ, ನಾನೇ ಸೀರೆ ಬಿಚ್ಚಿ ತೋರಿಸಿದ್ದು" ಅಂದ. ಯಾಕೋ ಮಾತಾಡಿಸಲಿಲ್ಲ ಅಂತ ಕೇಳಿದೆ. "ಬೀಗರೆಲ್ಲ ಇದ್ರು. ವ್ಯಾಪಾರದ ಹೊತ್ತು" ಅಂದು ಸುಮ್ಮನಾದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹತ್ತಿರದ ಹೋಟೆಲಿನಲ್ಲಿ ಕೂತೆವು. ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟೆ. ಇಡುವಾಗ ಕೈ ಹಿಂಜರಿಯಿತು.

ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿಟ್ಟು, "ಈ ಬೆಂಚು ಹೊತ್ತು ತಂದಿದ್ದು ನಾನು ಕಣೋ. ಒಂದು ಕಾಲು ಗಿಡ್ಡ. ಕೆಳಗೆ ಹೆಂಚಿನ ಚೂರು ಇಟ್ಟಿದ್ದೆ, ನೋಡು" ಅಂದ. ನೋಡಿದೆ. ಮುಖ್ಯೋಪಾಧ್ಯಾಯರ ಬೂಟಿನ ಪಕ್ಕದಲ್ಲಿ ಹೆಂಚಿನ ಚೂರಿತ್ತು. ನಲವತ್ತೈದು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೆಂಚು ಇಟ್ಟ ಮೇಲೆ ಅವನು ಫೋಟೋದವರ ಹಿಂದೆ ಹೋಗಿ ನಿಂತಿದ್ದನಂತೆ. ನಾವೆಲ್ಲ ಕ್ಯಾಮೆರಾ ನೋಡುತ್ತಿದ್ದೆವು, ಅವನು ನಮ್ಮನ್ನು ನೋಡುತ್ತಿದ್ದ. ನಿಂತವರ ಸಾಲಿನ ಎಡತುದಿಯಲ್ಲಿ ಮೂರು ಮುಖ ಮಸುಕಾಗಿವೆ. ಅದು ತೊಳೆಯುವಾಗ ಆದ ದೋಷ ಎಂದೇ ನಾವು ನಂಬಿದ್ದೆವು. "ಅಲ್ಲ. ಕ್ಲಿಕ್ ಅನ್ನೋ ಹೊತ್ತಿಗೆ ಎರಡು ಗಂಟೆ ಸೈರನ್ ಹೊಡೀತು. ಆ ಮೂರೂ ಜನ ಆ ಕಡೆ ತಿರುಗಿದ್ರು. ಮೂವರ ಅಪ್ಪಂದಿರೂ ಅವತ್ತು ಎರಡನೇ ಪಾಳಿ" ಅಂದ. ಅದೇ ಸಾಲಿನಲ್ಲಿ ಇಬ್ಬರ ಹೆಸರು ಅದಲುಬದಲಾಗಿದೆ ಎಂದೂ ತೋರಿಸಿದ. ಆ ಇಬ್ಬರಲ್ಲಿ ಒಬ್ಬನಿಗೆ ಫೋನ್ ಮಾಡಿ ಕೇಳಿದೆ. ಹೌದು, ಬದಲಾಗಿತ್ತು. ಅವನು ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಪ್ರಬಂಧ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಚೌಕಟ್ಟಿನ ಒಳಗಿದ್ದವರಿಗೆ ತಮ್ಮ ನೆನಪು ಮಾತ್ರ ಇರುತ್ತದೆ. ಹೊರಗೆ ನಿಂತವನಿಗೆ ಎಲ್ಲರ ನೆನಪು ಇರುತ್ತದೆ. ನಿಮ್ಮ ಊರಿನ ಶಾಲೆಯ ಇತಿಹಾಸ ಬರೆಯುವುದಿದ್ದರೆ ರ‍್ಯಾಂಕ್ ಬಂದವರಿಂದ ಶುರುಮಾಡಬೇಡಿ. ಗಂಟೆ ಹೊಡೆಯುತ್ತಿದ್ದವರನ್ನು ಕೇಳಿ, ಅರ್ಧಕ್ಕೆ ಬಿಟ್ಟವರನ್ನು ಕೇಳಿ. ಇನ್ನು ಫೋಟೋಗಳ ವಿಷಯ. ಮಲೆನಾಡಿನ ಮಳೆಗಾಲದಲ್ಲಿ ಫೋಟೋ ಗಾಜಿಗೆ ಅಂಟಿಕೊಂಡು ಬಿಡುತ್ತದೆ, ಬಿಡಿಸಿದರೆ ಮುಖವೇ ಕಿತ್ತು ಬರುತ್ತದೆ. ಹಾಗಾಗಿ ಗಾಜಿಗೂ ಫೋಟೋಗೂ ನಡುವೆ ಅಂಚಿನ ರಟ್ಟು ಇರಲಿ. ಲ್ಯಾಮಿನೇಷನ್ ಬೇಡ, ಆಮೇಲೆ ಬಿಡಿಸಲು ಆಗುವುದಿಲ್ಲ. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಮೆತ್ತನೆ ಪೆನ್ಸಿಲ್ ಸಾಕು. ಸ್ಕ್ಯಾನ್ ಮಾಡಿ ಮೂರು ಕಡೆ ಇಡಿ. ಎಲ್ಲಕ್ಕಿಂತ ಮೊದಲು, ಹೆಸರು ಹೇಳಬಲ್ಲವರು ಬದುಕಿರುವಾಗಲೇ ಹೆಸರು ಬರೆದಿಡಿ.

ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಗುಂಪಿನಲ್ಲಿ ಜಗಳವಾಯಿತು. ಗೆಳೆಯನ ಮಗನೊಬ್ಬ ಕಂಪ್ಯೂಟರಿನಲ್ಲಿ ಬಿಟ್ಟುಹೋದ ಆರೂ ಜನರನ್ನು ಹಿಂದಿನ ಸಾಲಿಗೆ ಸೇರಿಸಿ ಕಳಿಸಿದ. ಚೆನ್ನಾಗಿಯೇ ಮಾಡಿದ್ದ. ಅರ್ಧಕ್ಕರ್ಧ ಜನ ಕಣ್ಣೀರು ಹಾಕಿಕೊಂಡು ಅದನ್ನೇ ಹಾಕೋಣ ಅಂದರು. ನಾನು ಬೇಡ ಅಂದೆ. ಮಾನಿಟರ್ ಬುದ್ಧಿ ಇನ್ನೂ ಬಿಟ್ಟಿಲ್ಲ ಎಂದು ಒಬ್ಬ ಬರೆದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಜವಳಿ ಅಂಗಡಿಯವನನ್ನೇ ಕೇಳಿದೆವು. "ನಾನು ಅಲ್ಲಿ ನಿಂತಿರಲಿಲ್ಲ. ನಿಂತಿದ್ದೆ ಅಂತ ಮಾಡಿದ್ರೆ, ನಿಂತಿದ್ದ ಜಾಗ ಹೋಗುತ್ತೆ" ಅಂದ. ಹಳೆಯ ಫೋಟೋವನ್ನು ಹಾಗೇ ಹಾಕಿದೆವು. ಎದುರು ಪುಟದಲ್ಲಿ ದಾಖಲಾತಿ ಪುಸ್ತಕದ ಕ್ರಮದಲ್ಲಿ 46 ಹೆಸರು, ಹೆಣ್ಣುಮಕ್ಕಳಿಗೆ ಅಂದಿನ ಹೆಸರು ಮತ್ತು ಇಂದಿನ ಹೆಸರು ಎರಡೂ. ಸಿಗದವನ ಮುಂದೆ ಜಾಗ ಖಾಲಿ ಬಿಟ್ಟೆವು.

ಫೋಟೋದ ಒಂದು ಪ್ರತಿ ಮಾಡಿಸಿ ಅವನಿಗೆ ಕೊಡಲು ಮತ್ತೆ ಗಾಂಧಿ ಬಜಾರಿಗೆ ಹೋದೆ. ಎಷ್ಟಾಯ್ತು ಎಂದು ಕೇಳಿದ. ಬೇಡ ಮಾರಾಯ ಅಂದೆ. ಅವನು ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಗಲ್ಲದ ಮೇಲಿಟ್ಟು, "ಬರ್ಕೊ" ಅಂದ. ನಗುತ್ತಿದ್ದನೋ ಇಲ್ಲವೋ, ನನಗೆ ಈಗಲೂ ತಿಳಿಯುತ್ತಿಲ್ಲ.

ಮನೆಗೆ ಬಂದು ನೋಟ್ ಪುಸ್ತಕ ತೆರೆದೆ. ಅಡ್ಡಗೆರೆಯನ್ನು ಅಳಿಸುವ ಆಸೆಯಾಯಿತು. ಅಳಿಸಲಿಲ್ಲ. ಅದು 1979ರಲ್ಲಿ ನಾನು ಎಳೆದ ಗೆರೆ, ಅದು ಅಲ್ಲೇ ಇರಬೇಕು. ಬೇರೊಂದು ಹಾಳೆಯಲ್ಲಿ ಅವನ ಹೆಸರು, 5 ರೂಪಾಯಿ, ಅಂದಿನ ತಾರೀಖು ಬರೆದು, ಸರಿ ಗುರುತು ಹಾಕಿ, ಆ ಪುಟದ ಪಕ್ಕದಲ್ಲಿ ಇಟ್ಟಿದ್ದೇನೆ.