ಐಲಾವೊ ಪರ್ವತ ಮತ್ತು ಯೀ ರೈತರ ದಂಗೆ: ಒಂದು ಅಧ್ಯಯನಶಾಖೆಯ ಬೆಳವಣಿಗೆ

ಚೀನಾದೇಶದ ನೈರುತ್ಯದ ಯುನ್ನಾನ್ ಪ್ರಾಂತದಲ್ಲಿ, ಕೆಂಪು ನದಿಯ ಮೇಲ್ಕಣಿವೆಯ ಪಶ್ಚಿಮಕ್ಕೆ ಕೋಟೆಗೋಡೆಯಂತೆ ನಿಂತು, ವಾಯವ್ಯದಿಂದ ಆಗ್ನೇಯಕ್ಕೆ ನೂರಾರು ಕಿಲೋಮೀಟರು ಹಬ್ಬಿರುವ ಐಲಾವೊ ಪರ್ವತಶ್ರೇಣಿಯು, ಮೂರು ಸಾವಿರ ಮೀಟರಿಗೂ ಮಿಗಿಲಾದ ತನ್ನ ಶಿಖರಗಳಿಂದಲೂ ಸದಾ ಮೋಡ ಮುಸುಕಿದ ಅರಣ್ಯಗಳಿಂದಲೂ ಪ್ರವಾಸಿಗಳ ಮನಸ್ಸನ್ನು ಸೆಳೆಯುತ್ತದೆ. ಆದರೆ ಇದರ ಉತ್ತರಭಾಗದಲ್ಲಿ, ಮೀದು ಜಿಲ್ಲೆಗೆ ಸೇರಿದ ತಿಯಾನ್‌ಶೆಂಗ್‌ಯಿಂಗ್ ಎಂಬ ಗುಡ್ಡದ ಮೇಲೆ, 1856ರಲ್ಲಿ ಲೀ ವೆನ್‌ಶ್ವೆ ಎಂಬ ಯೀ ಜನಾಂಗದ ಬಡ ರೈತನು ಬಾವುಟವೇರಿಸಿದನೆಂಬುದೂ, ಅಂದು ಮೊದಲಾದ ಹೋರಾಟವು 1876ರ ವರೆಗೆ ಆರದೆ ಉರಿಯಿತೆಂಬುದೂ ವಿದ್ವಾಂಸರ ಗಮನಕ್ಕೆ ಬಂದದ್ದು ಬಹು ತಡವಾಗಿ.

ಈ ವಿಲಂಬಕ್ಕೆ ಕಾರಣವುಂಟು; ಅದನ್ನು ಅರಿಯಲು ದಂಗೆಯ ಹಿನ್ನೆಲೆಯನ್ನು ನೋಡಬೇಕು. 1726ರಿಂದ ಮಂಚು ಅಧಿಕಾರಿ ಓರ್ತಾಯಿಯು ವಂಶಪರಂಪರೆಯ ಬುಡಕಟ್ಟು ನಾಯಕರನ್ನು ತೆಗೆದು ಅವರ ಸ್ಥಾನದಲ್ಲಿ ಸರಕಾರದ ಅಧಿಕಾರಿಗಳನ್ನು ನೇಮಿಸತೊಡಗಿದ ಮೇಲೆ, ಕಣಿವೆಗಳಿಗೆ ಹಾನ್ ವಲಸೆಗಾರರು ಹೆಚ್ಚಾಗಿ ಬಂದರು, ನೆಲವು ಭೂಮಾಲೀಕರ ಕೈಸೇರಿತು, ಗುಡ್ಡದ ಒಕ್ಕಲಿಗೆ ಗೇಣಿಯ ಹೊರೆಯಷ್ಟೇ ಉಳಿಯಿತು. ಅದೇ 1856ರಲ್ಲಿ ಕುನ್‌ಮಿಂಗ್ ನಗರದಲ್ಲಿ ಹುಯೀ ಮುಸಲ್ಮಾನರ ಸಂಹಾರವಾಗಲು, ಹುಯೀ ನಾಯಕ ಡೂ ವೆನ್‌ಶಿಯು ದಾಲಿ ನಗರವನ್ನು ಹಿಡಿದು ಸ್ವತಂತ್ರ ರಾಜ್ಯವನ್ನು ಕಟ್ಟಿ 1872ರ ಅಂತ್ಯದ ವರೆಗೆ ಆಳಿದನು. ಚಿಂಗ್ ರಾಜವಂಶದ ಕಚೇರಿಯ ದಾಖಲೆಗಳಿಗೆ ಇವರೆಲ್ಲರೂ ದರೋಡೆಕಾರರೇ. ಅವುಗಳಲ್ಲಿ ಮೆರೆದದ್ದು ದಾಲಿಯ ಪತನ. ಐಲಾವೊದ ರೈತರು ಆ ದೊಡ್ಡ ಕಥೆಯ ನೆರಳಿನಲ್ಲಿ ಮುಚ್ಚಿಹೋದರು. ಯುರೋಪಿಯನ್ನರಲ್ಲಿ ಎಮಿಲ್ ರೋಶೆಯು 1879-80ರಲ್ಲಿ ಯುನ್ನಾನ್ ಕುರಿತು ಎರಡು ಸಂಪುಟಗಳನ್ನು ಪ್ರಕಟಿಸಿದರೂ ಅವನ ದೃಷ್ಟಿಯು ಮುಸಲ್ಮಾನರ ದಂಗೆಯ ಮೇಲೆಯೇ ನೆಟ್ಟಿತ್ತು. 1898ರಲ್ಲಿ ಯೀ ಜನರ ಬಗೆಗೆ ಗ್ರಂಥ ಪ್ರಕಟಿಸಿದ ಪಾದ್ರಿ ಪಾಲ್ ವಿಯಾಲನು ಅವರ ಲಿಪಿ ಮತ್ತು ಆಚಾರಗಳನ್ನು ಪ್ರೀತಿಯಿಂದ ಬಣ್ಣಿಸಿದನಾದರೂ, ಅವನು ಬಾಳಿದ್ದು ಪೂರ್ವದ ಸಾನಿ ಜನರ ನಡುವೆ.

ರೈತರ ಪಕ್ಷದಿಂದ ಈ ಕಥೆಯನ್ನು ನಿರೂಪಿಸಿದವನು ಶಿಯಾ ಝೆಂಗ್‌ಯಿನ್. ಐಲಾವೊದ ಯೀ ವೀರರ ಚರಿತ್ರೆಗಳನ್ನು ಒಂದಾಗಿ ಕಟ್ಟಿದ ಅವನ ಕೃತಿಯು 1950ರ ದಶಕದಲ್ಲಿ ಇತಿಹಾಸಕಾರರ ಕೈಗೆ ಬಂದದ್ದೇ ಈ ಶಾಖೆಯ ನಿಜವಾದ ಆರಂಭ. ಅದೇ ದಶಕದ ಮೊದಲಲ್ಲಿ, 1952ರಲ್ಲಿ, ಬಾಯಿ ಶೌಯೀ ಅವರು ಹುಯೀ ದಂಗೆಗಳ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿದ್ದರು. 1956ರಿಂದ ಅಲ್ಪಸಂಖ್ಯಾತ ಜನಾಂಗಗಳ ಸಾಮಾಜಿಕ ಇತಿಹಾಸದ ಸಮೀಕ್ಷೆಯು ದೇಶವ್ಯಾಪಿಯಾಗಿ ನಡೆಯಿತು. ಆ ಕಾಲದ ಬರೆವಣಿಗೆ ಪ್ರತಿಯೊಂದು ಘಟನೆಯನ್ನೂ ವರ್ಗಸಂಘರ್ಷದ ಅಚ್ಚಿಗೆ ಹೊಯ್ಯುತ್ತಿತ್ತೆಂಬ ಆಕ್ಷೇಪವು ಸರಿಯೇ. ಆದರೂ ನೆಲದ ಪ್ರಶ್ನೆಯನ್ನು ಕಥೆಯ ನಡುವೆ ತಂದಿರಿಸಿದ ಕೀರ್ತಿ ಆ ತಲೆಮಾರಿಗೇ ಸಲ್ಲಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಉಳುವವನಿಗೇ ಅವನು ಉಳುವ ನೆಲ, ಒಡೆಯನಿಗೆ ಗೇಣಿಯಿಲ್ಲ, ಬೆಳೆಯಲ್ಲಿ ಹತ್ತಕ್ಕೆ ಎರಡು ಪಾಲು ಮಾತ್ರ ಕಂದಾಯ ಎಂದು ಲೀ ವೆನ್‌ಶ್ವೆಯ ಆಡಳಿತವು ವಿಧಿಸಿದ್ದನ್ನು ಓದುವಾಗ, ಆ ದಂಗೆಗೆ ಕೇವಲ ರೋಷವಲ್ಲದೆ ಒಂದು ವ್ಯವಸ್ಥೆಯ ಕಲ್ಪನೆಯೂ ಇತ್ತೆಂಬುದು ಸ್ಪಷ್ಟವಾಗುತ್ತದೆ.

ಪಾಲಿನ ನ್ಯಾಯವು ಈ ಪರ್ವತದ ಜನರಿಗೆ ಹೊಸದಲ್ಲ. ಶ್ರೇಣಿಯ ದಕ್ಷಿಣದಲ್ಲಿ, 2013ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಾನಿ ಜನರ ಮೆಟ್ಟಿಲುಗದ್ದೆಗಳಲ್ಲಿ, ಕಾಲುವೆಗೆ ಅಡ್ಡಲಾಗಿ ಮರದ ತೊಲೆಯೊಂದನ್ನಿಟ್ಟು ಅದರಲ್ಲಿ ಕಚ್ಚುಗಳನ್ನು ಕೊರೆದಿರುತ್ತಾರೆ. ಯಾರ ಗದ್ದೆಗೆ ಎಷ್ಟು ನೀರೆಂಬುದನ್ನು ಕಚ್ಚಿನ ಅಗಲವೇ ನಿರ್ಣಯಿಸುತ್ತದೆ. ಅಂಥ ಹಾನಿ ಜನರಲ್ಲಿಯೇ ಹುಟ್ಟಿದ ತಿಯಾನ್ ಝೆಂಗನು 1853ರಲ್ಲಿಯೇ ದಂಗೆಯೆದ್ದು ಅನಂತರ ಲೀ ವೆನ್‌ಶ್ವೆಯೊಡನೆ ಕೈಜೋಡಿಸಿದನು. ಲೀಗೆ ಯುದ್ಧತಂತ್ರ ಹೇಳಿದ ವಾಂಗ್ ತಾಯಿಜಿಯೆ ಹಾನ್ ಕುಲದವನು. ದಾಲಿಗೆ ನೆರವಾಗಲು ಸೇನೆಯೊಡನೆ ಹೊರಟ ಲೀ 1872ರಲ್ಲಿ ಸೆರೆಸಿಕ್ಕಿ, 1874ರಲ್ಲಿ ನಾನ್‌ಜಿಯಾನಿನಲ್ಲಿ ವಧೆಗೊಂಡನು. ಅವನ ಅನುಯಾಯಿಗಳು ಮತ್ತೆರಡು ವರ್ಷ ಕಾದಿದರು.

ಯೀ, ಹಾನಿ, ಹಾನ್, ಹುಯೀ ಎಂಬ ಈ ಕೂಟವನ್ನು ಬೇರೆಬೇರೆ ಜನಾಂಗಗಳ ಬೇರೆಬೇರೆ ಅಧ್ಯಾಯಗಳಾಗಿ ಹಂಚಿಬಿಟ್ಟದ್ದು ಹಳೆಯ ಗ್ರಂಥಗಳ ದೊಡ್ಡ ಕೊರತೆ. 2001ರಲ್ಲಿ ಸ್ಟೀವನ್ ಹ್ಯಾರೆಲ್ ಸಂಪಾದಿಸಿದ ಸಂಕಲನದಲ್ಲಿ ಯೀ ವಿದ್ವಾಂಸರೂ ಪಾಶ್ಚಾತ್ಯರೂ ಜೊತೆಗೆ ಬರೆದರು. 2005ರಲ್ಲಿ ಡೇವಿಡ್ ಆಟ್ವಿಲ್ ಅವರ ಗ್ರಂಥವು ದಾಲಿಯ ರಾಜ್ಯವನ್ನು ಮುಸಲ್ಮಾನರದು ಮಾತ್ರವಲ್ಲದೆ ಬಹುಜನಾಂಗಗಳ ಸಾಹಸವೆಂದು ನಿರೂಪಿಸಿತು. ನನ್ನ ಮಟ್ಟಿಗೆ ಇದು ಈ ಶಾಖೆಯ ಎರಡನೆಯ ಜನ್ಮ.

ಇತ್ತ ಪರ್ವತವನ್ನೇ ಓದುವ ವಿಜ್ಞಾನಿಗಳು, 1981ರಲ್ಲಿ ಜಿಂಗ್‌ದೋಂಗಿನ ಶೂಜಿಯಾಬಾದಲ್ಲಿ ಸ್ಥಾಪಿತವಾದ ಅರಣ್ಯಾಧ್ಯಯನ ಕೇಂದ್ರದಿಂದ, ಪಾಚಿ ಹೊದ್ದ ಕಾಂಡಗಳ ನಿತ್ಯಹರಿದ್ವರ್ಣ ಮರಗಳನ್ನೂ, ಅವುಗಳ ಕೆಳಗೆ ಒತ್ತಾಗಿ ಬೆಳೆಯುವ ಕುಳ್ಳ ಬಿದಿರನ್ನೂ ವರ್ಷವರ್ಷವೂ ಅಳೆಯುತ್ತ ಬಂದಿದ್ದಾರೆ. ಕಪ್ಪು ಗಿಬ್ಬನ್ ವಾನರಗಳಿಗೆ ಆಶ್ರಯವಾದ ಈ ಕಾಡು 1988ರಲ್ಲಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. ಇಂಥ ಕಾಡಿನಲ್ಲಿ, ಇಂಥ ಇಳಿಜಾರಿನಲ್ಲಿ ಒಂದು ಸೈನ್ಯವು ಇಪ್ಪತ್ತು ವರ್ಷ ಧಾನ್ಯ ಕೂಡಿಸಿ ಉಂಡದ್ದು ಹೇಗೆಂಬ ಪ್ರಶ್ನೆಯನ್ನು ಇತಿಹಾಸಕಾರರು ಅರಣ್ಯವಿಜ್ಞಾನಿಗಳ ಜೊತೆ ಕುಳಿತು ಕೇಳಬೇಕು. ಶಿಯಾನ ಒಂದೇ ಗ್ರಂಥಕ್ಕೆ ಜೋತುಬೀಳದೆ, ಊರೂರಿನ ಭೂಪತ್ರಗಳನ್ನೂ ಶಿಲಾಲೇಖಗಳನ್ನೂ ವಂಶಾವಳಿಗಳನ್ನೂ ಅದರೊಡನೆ ಒರೆಹಚ್ಚಿ ನೋಡುವುದು ಮುಂದಿನ ತಲೆಮಾರಿನ ಮೊದಲ ಕೆಲಸ.